ನಡುವೆ ತೂತಿರುವ ಫಿಲ್ಮ್: ಮೂಕಿಯ ಕಾಲದ ಹವ್ಯಾಸಿಗಳು

(ಮೈಸೂರಿನಲ್ಲಿ ಚಿತ್ರಾಸಕ್ತರ ಒಂದು ಚಿಕ್ಕ ಕೂಟದ ಮುಂದೆ ಮಾಡಿದ ಉಪನ್ಯಾಸವನ್ನು ಬರಹಕ್ಕಿಳಿಸಿದ್ದೇನೆ. ಮಾತಿನಲ್ಲಿ ನುಸುಳಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಸ್ನೇಹಿತರೇ, ಮಾತು ಶುರುಮಾಡುವ ಮೊದಲು ಒಂದು ಚೂರು ಫಿಲ್ಮನ್ನು ನಿಮ್ಮ ಕೈಗೆ ಕೊಡುತ್ತಿದ್ದೇನೆ. ಅಂಚನ್ನಷ್ಟೇ ಹಿಡಿದು, ಬೆಳಕಿಗೆ ಎದುರಾಗಿ ನೋಡಿ, ಪಕ್ಕದವರಿಗೆ ದಾಟಿಸಿ. ಇದರ ಅಗಲ ಒಂದು ಸೆಂಟಿಮೀಟರ್ ಕೂಡ ಇಲ್ಲ, ಒಂಬತ್ತೂವರೆ ಮಿಲಿಮೀಟರ್. ಚಿತ್ರಮಂದಿರದ ಫಿಲ್ಮಿಗೆ ಎರಡೂ ಅಂಚಿನಲ್ಲಿ ತೂತುಗಳ ಸಾಲು ಇರುತ್ತದೆ. ಇದಕ್ಕೆ ಹಾಗಿಲ್ಲ. ಒಂದು ಚೌಕಟ್ಟು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ, ನಟ್ಟನಡುವೆ, ಒಂದೇ ತೂತು. ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ತಗಡಿನ ಡಬ್ಬಿಯೊಳಗೆ ಸಿಕ್ಕಿದಾಗ ಇದು ಏನೆಂದೇ ನನಗೆ ತಿಳಿಯಲಿಲ್ಲ. ಕಣ್ಣಿಗೆ ಹತ್ತಿರ ಹಿಡಿದಾಗ ಕಂಡದ್ದು ಒಂದು ತೋಟದ ಬಾಗಿಲು, ಟೋಪಿ ಧರಿಸಿದ ಹೆಂಗಸು, ಅವಳ ಕಡೆಗೆ ಓಡುತ್ತಿರುವ ಮಗು. ಮುಂದಿನ ಚೌಕಟ್ಟಿನಲ್ಲಿ ಮಗು ಕೂದಲೆಳೆಯಷ್ಟು ಮುಂದೆ ಬಂದಿದೆ. ಅದರ ಮುಂದಿನದರಲ್ಲಿ ಇನ್ನೊಂದಿಷ್ಟು. ಮಗು ತಾಯಿಯನ್ನು ತಲುಪುವ ಮೊದಲೇ ನನ್ನ ಚೂರು ಮುಗಿದುಹೋಗುತ್ತದೆ.

ಇದನ್ನು ತೆಗೆದವರು ಹವ್ಯಾಸಿಗಳು. ಈ ಪದ ಇಂಗ್ಲಿಷಿನಲ್ಲಿ ಸ್ವಲ್ಪ ಕೀಳಾಗಿ ಕೇಳಿಸುತ್ತದೆ, ಅರ್ಧಂಬರ್ಧ ಕಲಿತವನು ಎಂಬ ಧ್ವನಿ ಅದರಲ್ಲಿದೆ. ಕನ್ನಡದಲ್ಲಿ ಹಾಗಿಲ್ಲ. ವೃತ್ತಿ ನಾಟಕ ಕಂಪನಿಗಳ ಎದುರಿಗೆ ನಮ್ಮಲ್ಲಿ ಹವ್ಯಾಸಿ ರಂಗಭೂಮಿ ಎಂಬುದು ಒಂದು ಗೌರವದ ಹೆಸರು. ಕೈಲಾಸಂ ಅವರ ನಾಟಕಗಳು ಬೆಳೆದದ್ದು ಅದರ ಮಡಿಲಲ್ಲಿ. ಹಾಗಾಗಿ ನಾನು ಇವತ್ತು ಹವ್ಯಾಸಿ ಚಿತ್ರಕಾರರು ಎನ್ನುವಾಗ ಆ ಕನ್ನಡದ ಅರ್ಥದಲ್ಲೇ ಕೇಳಿಸಿಕೊಳ್ಳಿ. ಹೊಟ್ಟೆಪಾಡಿಗಲ್ಲದೆ, ಪ್ರೀತಿಗಾಗಿ ಕ್ಯಾಮೆರಾ ಹಿಡಿದವರು ಎಂದು.

ಸಿನಿಮಾ ಹುಟ್ಟುವಾಗಲೇ ಮನೆಯೊಳಗೆ ಕಣ್ಣು ತೆರೆದಿತ್ತು. 1895ರಲ್ಲಿ ಲೂಮಿಯೇರ್ ಸೋದರರು ತೆಗೆದ ಮೊದಲ ಕೆಲವು ಚಿತ್ರಗಳಲ್ಲಿ ಒಂದು, ಅಣ್ಣ ಓಗುಸ್ತ್ ತನ್ನ ಹೆಂಡತಿಯೊಂದಿಗೆ ಕುಳಿತು ಕೂಸಿಗೆ ತಿನ್ನಿಸುವ ದೃಶ್ಯ. ತೆಗೆದವನು ತಮ್ಮ ಲೂಯಿ. ಆದರೆ ಆ ಕ್ಯಾಮೆರಾ ಎಲ್ಲರ ಕೈಗೆ ಬರುವಂತಿರಲಿಲ್ಲ. ಫಿಲ್ಮಿನ ಬೆಲೆ ಒಂದು ಅಡ್ಡಿ, ಬೆಂಕಿಯ ಭಯ ಅದಕ್ಕಿಂತ ದೊಡ್ಡದು. ಅಂದಿನ ನೈಟ್ರೇಟ್ ಫಿಲ್ಮ್ ಹೊತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ, ಏಕೆಂದರೆ ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ. 1897ರ ಮೇ 4ರಂದು ಪ್ಯಾರಿಸ್‌ನ ಒಂದು ದತ್ತಿ ಸಂತೆಯಲ್ಲಿ ಪ್ರೊಜೆಕ್ಟರಿನ ಈಥರ್ ದೀಪದಿಂದ ಎದ್ದ ಬೆಂಕಿಗೆ ನೂರಕ್ಕೂ ಹೆಚ್ಚು ಜನ ಬಲಿಯಾಗಿದ್ದರು. ಅಂಥದ್ದನ್ನು ನಡುಮನೆಗೆ ತರುವವರು ಯಾರು?

ಆದರೂ ಪ್ರಯತ್ನಗಳು ನಿಲ್ಲಲಿಲ್ಲ. 1898ರಲ್ಲಿ ಇಂಗ್ಲೆಂಡಿನ ಬರ್ಟ್ ಏಕರ್ಸ್ ಚಿತ್ರಮಂದಿರದ 35 ಮಿಲಿಮೀಟರಿನ ಫಿಲ್ಮನ್ನು ಉದ್ದಕ್ಕೆ ಸೀಳಿ, ಹದಿನೇಳೂವರೆ ಮಿಲಿಮೀಟರಿನಲ್ಲಿ ಓಡುವ ಕ್ಯಾಮೆರಾವನ್ನು ಹವ್ಯಾಸಿಗಳಿಗೆಂದೇ ಮಾಡಿದ. 1912ರಲ್ಲಿ ಫ್ರಾನ್ಸಿನ ಪಾಥೆ ಕಂಪನಿ ಉರಿಯದ ಫಿಲ್ಮಿನ ಮನೆ ಪ್ರೊಜೆಕ್ಟರ್ ತಂದಿತು. ಅದರ ಹಿಡಿಕೆ ತಿರುಗಿಸಿದರೆ ಫಿಲ್ಮೂ ಓಡುತ್ತಿತ್ತು, ದೀಪಕ್ಕೆ ಬೇಕಾದ ವಿದ್ಯುತ್ತೂ ಅದರಿಂದಲೇ ಹುಟ್ಟುತ್ತಿತ್ತು. ಕರೆಂಟು ಇಲ್ಲದ ಹಳ್ಳಿಮನೆಯಲ್ಲೂ ಸಿನಿಮಾ ತೋರಿಸಬಹುದಾಗಿದ್ದ ಯಂತ್ರ ಅದು.

ಆ ದಿನಗಳಲ್ಲಿ ಭಾರತದಲ್ಲಿ ಕ್ಯಾಮೆರಾ ಹಿಡಿದವರನ್ನು ನೆನೆದರೆ ಹವ್ಯಾಸಿ ಯಾರು, ವೃತ್ತಿಯವರು ಯಾರು ಎಂದು ಗೆರೆ ಎಳೆಯಲು ಬರುವುದಿಲ್ಲ. ಬೊಂಬಾಯಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಹರಿಶ್ಚಂದ್ರ ಸಖಾರಾಮ್ ಭಾಟವಡೇಕರ್, ಜನರ ಬಾಯಲ್ಲಿ ಸಾವೇ ದಾದಾ, 1896ರಲ್ಲಿ ಲೂಮಿಯೇರ್ ಪ್ರದರ್ಶನ ನೋಡಿ ಬೆರಗಾಗಿ 21 ಗಿನಿ ಕೊಟ್ಟು ಇಂಗ್ಲೆಂಡಿನಿಂದ ಕ್ಯಾಮೆರಾ ತರಿಸಿಕೊಂಡರು. 1899ರಲ್ಲಿ ಹ್ಯಾಂಗಿಂಗ್ ಗಾರ್ಡನ್ಸ್‌ನಲ್ಲಿ ನಡೆದ ಕುಸ್ತಿಯನ್ನು ಸೆರೆಹಿಡಿದರು. ಆಮೇಲೆ ಕೋತಿಗಳನ್ನು ಪಳಗಿಸುವವನನ್ನು. ಕುಸ್ತಿ, ಕೋತಿಯಾಟ: ಊರಿನಲ್ಲಿ ಜನ ನಿಂತು ನೋಡುವ ವಿಷಯಗಳನ್ನೇ ಅವರು ನಿಂತು ನೋಡಿದರು, ಅಷ್ಟೆ.

ದಾದಾಸಾಹೇಬ್ ಫಾಲ್ಕೆಯವರ ಮೊದಲ ಪ್ರಯೋಗವಂತೂ ನನಗೆ ಬಹಳ ಪ್ರಿಯ. 1912ರಲ್ಲಿ ಲಂಡನ್ನಿನಿಂದ ವಿಲಿಯಮ್ಸನ್ ಕ್ಯಾಮೆರಾ ತಂದವರು ಮೊದಲು ಪುರಾಣಕ್ಕೆ ಕೈಹಾಕಲಿಲ್ಲ. ಕುಂಡದಲ್ಲಿ ಬಟಾಣಿ ಕಾಳು ನೆಟ್ಟು, ಎದುರಿಗೆ ಕ್ಯಾಮೆರಾ ಇಟ್ಟು, ದಿನಕ್ಕೊಂದು ಚೌಕಟ್ಟಿನಂತೆ ತೆಗೆಯುತ್ತಾ ಹೋದರು. ತಿಂಗಳಿಗೂ ಮಿಕ್ಕ ತಾಳ್ಮೆ ತೆರೆಯ ಮೇಲೆ ಕ್ಷಣಗಳಲ್ಲಿ ಕುಡಿಯೊಡೆದು ಬಳ್ಳಿಯಾಗಿ ಹಬ್ಬಿತು. ಹಣ ಹಾಕುವವರನ್ನು ಒಪ್ಪಿಸಲು ಮಾಡಿದ ಚಿತ್ರ ಅದು, ನಿಜ. ಆದರೆ ಮನೆಯ ಮೂಲೆಯಲ್ಲಿ ಕುಂಡದ ಮುಂದೆ ದಿನವೂ ಕೂರುವ ಆ ಮನುಷ್ಯನನ್ನು ಹವ್ಯಾಸಿ ಎನ್ನದೆ ಏನೆನ್ನಲಿ? ಅವರ ಪತ್ನಿ ಸರಸ್ವತೀಬಾಯಿ ಕತ್ತಲ ಕೋಣೆಯಲ್ಲಿ ಕಚ್ಚಾ ಫಿಲ್ಮಿಗೆ ತೂತು ಹೊಡೆಯುತ್ತಿದ್ದರು. ಆಗ ಫಿಲ್ಮ್ ತೂತುಗಳಿಲ್ಲದೆ ಬರುತ್ತಿತ್ತು. ನಿಮ್ಮ ಕೈಯಲ್ಲಿರುವ ಚೂರಿನ ತೂತನ್ನು ನೋಡುವಾಗ ಆ ತಾಯಿಯ ಬೆರಳುಗಳನ್ನೂ ನೆನೆಯಿರಿ.

ನಮ್ಮ ನೆಲಕ್ಕೆ ತಾಗುವ ಒಂದು ಸಂಗತಿಯೂ ಇದೆ. ಮದರಾಸಿನ ಆರ್. ನಟರಾಜ ಮುದಲಿಯಾರ್ ಮೋಟಾರು ಬಿಡಿಭಾಗಗಳ ವ್ಯಾಪಾರಿ. ಕ್ಯಾಮೆರಾದ ಹುಚ್ಚು ಹಿಡಿದು, ಒಬ್ಬ ಆಂಗ್ಲ ಛಾಯಾಗ್ರಾಹಕನ ಬಳಿ ಪುಣೆಯಲ್ಲಿ ಪಾಠ ಹೇಳಿಸಿಕೊಂಡು, 1910ರ ದಶಕದ ಉತ್ತರಾರ್ಧದಲ್ಲಿ ಕೀಚಕನ ಕಥೆಯನ್ನು ತೆರೆಗೆ ತಂದರು. ದಕ್ಷಿಣ ಭಾರತದ ಮೊದಲ ಕಥಾಚಿತ್ರ ಅದು. ಮದರಾಸಿನ ಸೆಕೆಗೆ ಫಿಲ್ಮ್ ಕೆಟ್ಟೀತೆಂದು ಸಂಸ್ಕರಣೆಯ ಕೋಣೆಯನ್ನು ಅವರು ಕಟ್ಟಿಕೊಂಡದ್ದು ತಂಪಾದ ಬೆಂಗಳೂರಿನಲ್ಲಿ. ವಾರದ ಕೊನೆಗೆ ಫಿಲ್ಮ್ ತಂದು ತೊಳೆದು, ಮತ್ತೆ ಚಿತ್ರೀಕರಣಕ್ಕೆ ಮರಳುತ್ತಿದ್ದರು. ಬೆಂಗಳೂರಿನ ಹವೆಗೆ ಸಿನಿಮಾ ಚರಿತ್ರೆಯಲ್ಲಿ ಇಂಥದ್ದೊಂದು ಪಾತ್ರವಿದೆ ಎಂದು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಈಗ ಆ ಚೂರಿನ ಕಥೆಗೆ ಬರುತ್ತೇನೆ. 1922ರ ಕ್ರಿಸ್‌ಮಸ್ ಹೊತ್ತಿಗೆ ಪಾಥೆ ಕಂಪನಿ ಪಾಥೆ ಬೇಬಿ ಎಂಬ ಪುಟ್ಟ ಪ್ರೊಜೆಕ್ಟರನ್ನು ಮಾರಾಟಕ್ಕೆ ತಂದಿತು, ಮರುವರ್ಷ ಕ್ಯಾಮೆರಾವನ್ನೂ. 35 ಮಿಲಿಮೀಟರಿನ ಪಟ್ಟಿಯ ಎರಡೂ ಅಂಚನ್ನು ಸ್ವಲ್ಪ ಸ್ವಲ್ಪ ಕತ್ತರಿಸಿ ತೆಗೆದರೆ ಉಳಿಯುವುದು ಇಪ್ಪತ್ತೆಂಟೂವರೆ. ಅದನ್ನು ಮೂರಾಗಿ ಸೀಳಿದರೆ ಒಂಬತ್ತೂವರೆ. ತೂತನ್ನು ನಡುವಿಗೆ ತಂದದ್ದರಿಂದ ಹೆಚ್ಚುಕಡಿಮೆ ಇಡೀ ಅಗಲ ಚಿತ್ರಕ್ಕೇ ಸಿಕ್ಕಿತು. ಈ ಲೆಕ್ಕ ಮನೆ ನಡೆಸುವ ಹೆಂಗಸಿನ ಲೆಕ್ಕದಷ್ಟು ಅಚ್ಚುಕಟ್ಟು. ಇನ್ನೊಂದು ಜಾಣತನವನ್ನು ಗಮನಿಸಿ. ಮೂಕಿ ಚಿತ್ರದಲ್ಲಿ ಬರಹದ ಫಲಕಗಳು ಬರುತ್ತವೆ. ಫಲಕವನ್ನು ಓದಲು ಐದು ಸೆಕೆಂಡು ಬೇಕೆಂದರೆ, ಸೆಕೆಂಡಿಗೆ 16 ಚೌಕಟ್ಟಿನಂತೆ 80 ಚೌಕಟ್ಟು ಫಿಲ್ಮ್ ಅದಕ್ಕೇ ಹೋಗಬೇಕು. ಪಾಥೆಯವರು ಫಿಲ್ಮಿನ ಅಂಚಿನಲ್ಲಿ ಒಂದು ಕಚ್ಚು ಕೊಟ್ಟರು. ಕಚ್ಚು ಬಂದಾಗ ಹಿಡಿಕೆ ತಿರುಗುತ್ತಲೇ ಇರುತ್ತದೆ, ಫಿಲ್ಮ್ ಮಾತ್ರ ನಿಂತಿರುತ್ತದೆ, ಬರಹ ತೆರೆಯ ಮೇಲೆ ಉಳಿಯುತ್ತದೆ. ದೀಪದ ಬಿಸಿ ಕಡಿಮೆಯಾದ್ದರಿಂದ ನಿಂತ ಫಿಲ್ಮ್ ಸುಡುತ್ತಿರಲಿಲ್ಲ.

ಕ್ಯಾಮೆರಾದಲ್ಲಿ ಒಂದು ಸಲಕ್ಕೆ ಹಿಡಿಸುತ್ತಿದ್ದದ್ದು ಸುಮಾರು ಒಂಬತ್ತು ಮೀಟರ್ ಫಿಲ್ಮ್. ಎಂದರೆ ಒಂದೂಕಾಲು ನಿಮಿಷ. ಇವತ್ತು ಮೊಬೈಲಿನಲ್ಲಿ ಮಗುವಿನ ಹುಟ್ಟುಹಬ್ಬವನ್ನು ಒಂದು ಗಂಟೆ ತೆಗೆಯುತ್ತೇವೆ. ಅಂದು ಒಬ್ಬ ತಂದೆಗೆ ಸಿಗುತ್ತಿದ್ದದ್ದು ಎಪ್ಪತ್ತೈದು ಸೆಕೆಂಡು. ಅದರಲ್ಲಿ ಏನನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಅವನು ಹಿಡಿಕೆ ಮುಟ್ಟುವ ಮೊದಲೇ ಯೋಚಿಸಬೇಕಿತ್ತು. ಆ ಯೋಚನೆಯೇ ನಿರ್ದೇಶನ. ಅದನ್ನು ಅವನಿಗೆ ಯಾವ ಶಾಲೆಯೂ ಕಲಿಸಲಿಲ್ಲ, ಫಿಲ್ಮಿನ ಕೊರತೆ ಕಲಿಸಿತು.

1923ರಲ್ಲಿ ಅಮೆರಿಕದ ಕೊಡಕ್ ಕಂಪನಿ 16 ಮಿಲಿಮೀಟರಿನ ಫಿಲ್ಮ್ ಹೊರತಂದಿತು. ಹದಿನಾರೇ ಏಕೆ ಎಂಬುದಕ್ಕೆ ಹೇಳುವ ಕಾರಣ ಇದು: ಹದಿನೇಳೂವರೆ ಇಟ್ಟಿದ್ದರೆ ಯಾರಾದರೂ ದುಡ್ಡುಳಿಸಲು ಉರಿಯುವ 35 ಮಿಲಿಮೀಟರಿನ ಫಿಲ್ಮನ್ನು ಎರಡಾಗಿ ಸೀಳಿ ಮಾರಿಯಾರು; ಹದಿನಾರಾದರೆ ಆ ದಾರಿ ಮುಚ್ಚುತ್ತದೆ. ಮನೆಯ ಮಕ್ಕಳ ಜೀವ ಕಾಯಲು ಆರಿಸಿದ ಅಂಕಿ ಅದು. ಕ್ಯಾಮೆರಾ, ಪ್ರೊಜೆಕ್ಟರ್, ಮುಕ್ಕಾಲಿ, ತೆರೆ ಎಲ್ಲ ಸೇರಿ 335 ಡಾಲರ್. ಆ ದಶಕದ ನಡುವೆ ಫೋರ್ಡ್ ಮಾಡೆಲ್ ಟಿ ಕಾರು 300 ಡಾಲರಿಗಿಂತ ಕಡಿಮೆಗೆ ಸಿಗುತ್ತಿತ್ತು ಎಂದರೆ ಈ ಹವ್ಯಾಸ ಯಾರಿಗೆ ಎಟುಕುತ್ತಿತ್ತು ಎಂಬುದು ತಿಳಿಯುತ್ತದೆ. ಉಳ್ಳವರ ಹವ್ಯಾಸವಾಗಿತ್ತು ಇದು. ಭಾರತದಲ್ಲಿ ಇದ್ದ ಬ್ರಿಟಿಷ್ ಅಧಿಕಾರಿಗಳ ಕುಟುಂಬಗಳು ತೆಗೆದ ಇಂಥ ಅನೇಕ ಸುರುಳಿಗಳು ಇಂದು ಕೇಂಬ್ರಿಡ್ಜಿನ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿವೆ. ಬಂಗಲೆಯ ಹುಲ್ಲುಹಾಸು, ಬೇಟೆ, ಮಗುವನ್ನು ಎತ್ತಿಕೊಂಡ ಆಯಾ. ಕ್ಯಾಮೆರಾ ನೋಡಬೇಕೆಂದದ್ದು ಮಗುವನ್ನು. ನಮ್ಮ ಕಣ್ಣು ಇವತ್ತು ಹುಡುಕುವುದು ಆ ಆಯಾಳ ಮುಖವನ್ನು.

ಕೊಡಕ್‌ನ ಫಿಲ್ಮಿನಲ್ಲಿ ಇನ್ನೊಂದು ಮಾತು ಮುಖ್ಯ. ಅಲ್ಲಿ ನೆಗೆಟಿವ್ ಬೇರೆ, ಪ್ರತಿ ಬೇರೆ ಎಂದಿಲ್ಲ. ಕ್ಯಾಮೆರಾದೊಳಗೆ ಓಡಿದ ಪಟ್ಟಿಯೇ ತೊಳೆದ ಮೇಲೆ ತಿರುಗಿ ಪಾಸಿಟಿವ್ ಆಗುತ್ತದೆ. ಅದನ್ನೇ ಪ್ರೊಜೆಕ್ಟರಿಗೆ ಹಾಕುತ್ತಾರೆ. ಖರ್ಚು ಬಹಳ ಕಡಿಮೆಯಾಯಿತು. ಆದರೆ ಪ್ರತಿಯೊಂದು ಮನೆಚಿತ್ರವೂ ಜಗತ್ತಿನಲ್ಲಿ ಒಂದೇ ಒಂದು ಆಯಿತು. ಓಲೆಗರಿಯ ಹಾಗೆ. ತೋರಿಸಿದಷ್ಟು ಸಲ ಗೀರು ಬೀಳುವುದು ಆ ಒಂದಕ್ಕೇ.

ಅಂದಿನ ಸಾಮಾನ್ಯ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಹಣೆಯ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕಪ್ಪಾಗಿ ಬೀಳುತ್ತಿತ್ತು. ನೀಲಿ ಆಕಾಶ ಬಿಳುಚಿಕೊಳ್ಳುತ್ತಿತ್ತು. ಹಿಡಿಕೆಯನ್ನು ಸೆಕೆಂಡಿಗೆ ಎರಡು ಸುತ್ತಿನಂತೆ ಒಂದೇ ಸಮನೆ ತಿರುಗಿಸಬೇಕು. ಲಯ ತಪ್ಪದಿರಲೆಂದು ಯಾವುದಾದರೂ ಧಾಟಿಯನ್ನು ಗುನುಗಿಕೊಳ್ಳುವುದು ರೂಢಿಯಾಗಿತ್ತು. ತೆಗೆಯುವವನ ಮನಸ್ಸಿನ ಸಂಗೀತ ಮೂಕಿ ಚಿತ್ರದ ಓಟದಲ್ಲಿ ಹಾಗೆಯೇ ಉಳಿದುಬಿಟ್ಟಿದೆ ಎಂದು ನಾನು ನಂಬುತ್ತೇನೆ. ಸ್ಪ್ರಿಂಗ್ ಕೀಲಿಯ ಕ್ಯಾಮೆರಾಗಳು ಬಂದ ಮೇಲೆ ಹಿಡಿಕೆ ಹೋಯಿತು, ಮುಕ್ಕಾಲಿಯ ಹಂಗೂ ತಪ್ಪಿತು.

ಹವ್ಯಾಸಿಗಳು ಒಟ್ಟುಗೂಡಿದ್ದೂ ಬೇಗನೆ. 1926ರಲ್ಲಿ ಅಮೆರಿಕದಲ್ಲಿ ಅಮೆಚೂರ್ ಸಿನಿಮಾ ಲೀಗ್ ಹುಟ್ಟಿತು. ಅದರ ಅಧ್ಯಕ್ಷ ಹೈರಮ್ ಪರ್ಸಿ ಮ್ಯಾಕ್ಸಿಮ್. ಇಲ್ಲಿ ಹ್ಯಾಮ್ ರೇಡಿಯೊ ಗೆಳೆಯರು ಯಾರಾದರೂ ಇದ್ದರೆ ಹೆಸರು ಕೇಳಿರುತ್ತೀರಿ, 1914ರಲ್ಲಿ ಅಮೆರಿಕದ ಹವ್ಯಾಸಿ ರೇಡಿಯೊ ಸಂಘವನ್ನು ಸ್ಥಾಪಿಸಿದವರಲ್ಲಿ ಅವನು ಒಬ್ಬ. ಅಪ್ಪ ಮೆಷಿನ್ ಗನ್ ಕಂಡುಹಿಡಿದವನು. ಮಗ ಮನೆಮನೆಯ ರೇಡಿಯೊಗಳನ್ನೂ ಮನೆಮನೆಯ ಕ್ಯಾಮೆರಾಗಳನ್ನೂ ಒಂದಕ್ಕೊಂದು ಪರಿಚಯಿಸಿದವನು. ಲೀಗ್ ಪತ್ರಿಕೆ ಹೊರಡಿಸಿತು, ಸದಸ್ಯರ ಚಿತ್ರಗಳನ್ನು ಊರಿಂದೂರಿಗೆ ಕಳಿಸಿತು. ರಾಚೆಸ್ಟರ್ ಊರಿನಲ್ಲಿ ಮೇರಿಯನ್ ಗ್ಲೀಸನ್ ಎಂಬ ಮಹಿಳೆ ಹವ್ಯಾಸಿ ನಾಟಕ ತಂಡವನ್ನು ಕಟ್ಟಿಕೊಂಡು 1927ರಲ್ಲಿ 16 ಮಿಲಿಮೀಟರಿನಲ್ಲಿ ಪೂರ್ಣ ಕಥಾಚಿತ್ರ ಮಾಡಿದಳು. ಅದೇ ಊರಿನಲ್ಲಿ ವೈದ್ಯ ಪದವೀಧರ ಜೇಮ್ಸ್ ಸಿಬ್ಲಿ ವಾಟ್ಸನ್ ಮತ್ತು ಮೆಲ್ವಿಲ್ ವೆಬ್ಬರ್, ಎಡ್ಗರ್ ಅಲನ್ ಪೋನ ಒಂದು ಕಥೆಯನ್ನು ಪಟ್ಟಕಗಳ ಮೂಲಕ ಒಡೆದ, ಬಾಗಿದ, ಒಂದರ ಮೇಲೊಂದು ಮೂಡಿದ ಬಿಂಬಗಳಲ್ಲಿ ಹೇಳಿದರು. 1928ರ ಆ ಹದಿಮೂರು ನಿಮಿಷದ ಚಿತ್ರ ಇಂದಿಗೂ ಪ್ರಾಯೋಗಿಕ ಸಿನಿಮಾದ ತರಗತಿಗಳಲ್ಲಿ ಪಾಠವಾಗಿದೆ.

ಜಪಾನಿನಲ್ಲಿ ಇದೇ ಪಾಥೆ ಬೇಬಿ ಬೇರೆಯೇ ಕೆಲಸ ಮಾಡಿತು. ಸಾಸಾ ಗೆಂಜು ಎಂಬ ಯುವಕ 1927ರ ಮೇ ದಿನದ ಕಾರ್ಮಿಕರ ಮೆರವಣಿಗೆಯನ್ನು ಅದರಲ್ಲಿ ತೆಗೆದ. ಮರುವರ್ಷ ಬರೆದ ಲೇಖನದಲ್ಲಿ ಕ್ಯಾಮೆರಾವನ್ನು ಆಟಿಕೆ ಎಂದೂ ಆಯುಧ ಎಂದೂ ಕರೆದ. ಶ್ರೀಮಂತರ ಮಕ್ಕಳಿಗೆಂದು ಮಾಡಿದ ವಸ್ತುವನ್ನು ದುಡಿಯುವವರ ಕಡೆಗೆ ತಿರುಗಿಸಿದ ಆ ಕೈಗೆ ನಾನು ತಲೆಬಾಗುತ್ತೇನೆ.

ಇಷ್ಟು ಹೇಳಿದ ಮೇಲೂ ನನಗೆ ಎಲ್ಲಕ್ಕಿಂತ ಹತ್ತಿರವಾದವರು ಒಬ್ಬ ಪಾದ್ರಿ. ರೆವರೆಂಡ್ ಸಾಲೊಮನ್ ಸರ್ ಜೋನ್ಸ್. ತಂದೆತಾಯಿ ಗುಲಾಮಗಿರಿಯಲ್ಲಿ ಬದುಕಿ ಬಿಡುಗಡೆ ಕಂಡವರು. ಮಗ ಒಕ್ಲಹೋಮಾದಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಯಾಗಿ, ವ್ಯಾಪಾರವನ್ನೂ ಮಾಡಿಕೊಂಡಿದ್ದವರು. 1924ರಿಂದ 1928ರವರೆಗೆ ಆಗಿನ್ನೂ ಹೊಸದಾಗಿದ್ದ 16 ಮಿಲಿಮೀಟರಿನ ಕ್ಯಾಮೆರಾ ಹಿಡಿದು ತಮ್ಮ ಜನರ ಊರುಗಳನ್ನು ಸುತ್ತಿದರು. ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವರ 29 ಮೂಕಿ ಚಿತ್ರಗಳಿವೆ, ಒಟ್ಟು 355 ನಿಮಿಷ.

ಆ ಚಿತ್ರಗಳಲ್ಲಿ ಏನಿದೆ? ಶವಯಾತ್ರೆ ಇದೆ, ನದಿಯಲ್ಲಿ ದೀಕ್ಷಾಸ್ನಾನ ಇದೆ. ಶಾಲೆಗಳು, ಆಟದ ಪಂದ್ಯಗಳು, ಮೆರವಣಿಗೆಗಳು. ಗುಲಾಮಗಿರಿ ಕೊನೆಗೊಂಡದ್ದರ ನೆನಪಿಗೆ ಮಾಡುವ ಜೂನ್‌ಟೀನ್ತ್ ಹಬ್ಬ. ತಮ್ಮದೇ ಎಣ್ಣೆಬಾವಿಗಳ ಮುಂದೆ ನಿಂತ ಕಪ್ಪು ಜನಾಂಗದ ಮಾಲೀಕರು. ಅಂಗಡಿಯ ಬಾಗಿಲಲ್ಲಿ ನಿಂತ ವರ್ತಕರು. ಇದರ ತೂಕ ತಿಳಿಯಬೇಕಾದರೆ ಒಂದು ದಿನಾಂಕ ನೆನಪಿಡಬೇಕು. 1921ರ ಮೇ ಕೊನೆ ಮತ್ತು ಜೂನ್ ಮೊದಲ ದಿನ, ಅದೇ ಒಕ್ಲಹೋಮಾದ ಟಲ್ಸಾ ನಗರದಲ್ಲಿ ಬಿಳಿಯರ ಗುಂಪುಗಳು ಗ್ರೀನ್‌ವುಡ್ ಎಂಬ ಕಪ್ಪು ಜನರ ಬಡಾವಣೆಯನ್ನು ಸುಟ್ಟು ಬೂದಿ ಮಾಡಿದ್ದವು. ಜೋನ್ಸ್ ಅವರ ಕ್ಯಾಮೆರಾ ಟಲ್ಸಾಕ್ಕೆ ಹೋದದ್ದು ಅದಾದ ಕೆಲವೇ ವರ್ಷಗಳಿಗೆ. ಅಲ್ಲಿ ಮತ್ತೆ ಎದ್ದ ಕಟ್ಟಡಗಳು, ಮತ್ತೆ ತೆರೆದ ಅಂಗಡಿಗಳು ಅದರಲ್ಲಿವೆ. ಅಂದಿನ ಹಾಲಿವುಡ್ಡಿನಲ್ಲಿ ಕಪ್ಪು ಮನುಷ್ಯ ಎಂದರೆ ಆಳು, ಇಲ್ಲವೇ ನಗೆಪಾಟಲಿನ ಪಾತ್ರ. ಎಷ್ಟೋ ಸಲ ಬಿಳಿಯ ನಟನೇ ಮುಖಕ್ಕೆ ಮಸಿ ಬಳಿದುಕೊಂಡು ಬರುತ್ತಿದ್ದ. ಈ ಪಾದ್ರಿಯ ಮುಂದೆ ನಿಂತ ಜನ ಒಳ್ಳೆಯ ಬಟ್ಟೆ ತೊಟ್ಟು, ಕ್ಯಾಮೆರಾವನ್ನು ನೇರವಾಗಿ ನೋಡುತ್ತಾರೆ. ಕೋಟ್ಯಂತರ ಡಾಲರಿನ ಉದ್ಯಮ ನೋಡಲಾರದ್ದನ್ನು ಒಬ್ಬ ಹವ್ಯಾಸಿಯ ಕಣ್ಣು ನೋಡಿತು. 2016ರಲ್ಲಿ ಅಮೆರಿಕ ಈ ಚಿತ್ರಗಳನ್ನು ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿಕೊಂಡಿತು.

ಹವ್ಯಾಸಿಗಳು ತಾವು ತೆಗೆದದ್ದನ್ನು ಮಾತ್ರವಲ್ಲ, ಬೇರೆಯವರು ಕಳೆದುಕೊಂಡದ್ದನ್ನೂ ಉಳಿಸಿಕೊಟ್ಟಿದ್ದಾರೆ. 1912ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಇಡಿಯಾಗಿ ಉಳಿದಿರುವುದು ಶೇಕಡಾ 14. ಇನ್ನು ಕೆಲವು ಉಳಿದಿರುವುದು ಮನೆಯಲ್ಲಿ ನೋಡಲೆಂದು ಮಾರಿದ ಕಿರು ಅಗಲದ ಪ್ರತಿಗಳಲ್ಲಿ ಮಾತ್ರ. ಫ್ರಾನ್ಸಿನ ಆಬೆಲ್ ಗಾನ್ಸ್ 1927ರಲ್ಲಿ ನೆಪೋಲಿಯನ್ ಬಗ್ಗೆ ತೆಗೆದ ಮಹಾಚಿತ್ರ ಚೂರುಚೂರಾಗಿ ಮರೆತುಹೋಗಿತ್ತು. 1954ರಲ್ಲಿ ಇಂಗ್ಲೆಂಡಿನ ಹದಿನೈದರ ಹುಡುಗ ಕೆವಿನ್ ಬ್ರೌನ್‌ಲೋಗೆ ಅದರ ಎರಡು ಸುರುಳಿಗಳು ಸಿಕ್ಕವು. ಅವು ಒಂಬತ್ತೂವರೆ ಮಿಲಿಮೀಟರಿನವು, ನಡುವೆ ತೂತಿರುವಂಥವು. ಮನೆಯ ಪ್ರೊಜೆಕ್ಟರಿನಲ್ಲಿ ಅದನ್ನು ನೋಡಿದ ಹುಡುಗ ಉಳಿದ ಭಾಗಗಳನ್ನು ಹುಡುಕುತ್ತಾ ಇಪ್ಪತ್ತೈದು ವರ್ಷ ಕಳೆದ. 1979ರಲ್ಲಿ ಅಮೆರಿಕದ ಟೆಲ್ಯುರೈಡ್ ಎಂಬ ಬೆಟ್ಟದೂರಿನಲ್ಲಿ ಜೋಡಿಸಿದ ಚಿತ್ರ ಬಯಲಲ್ಲಿ ತೆರೆ ಕಂಡಾಗ, 89ರ ಮುದುಕ ಗಾನ್ಸ್ ಅದನ್ನು ನೋಡಲು ಅಲ್ಲಿದ್ದ.

1927ರಲ್ಲಿ ಹಾಲಿವುಡ್ ಮಾತಾಡಲು ಶುರುಮಾಡಿತು. ಅಲ್ಲಿಯವರೆಗೆ ಸ್ಟುಡಿಯೊದವರ ಮತ್ತು ಮನೆಯವರ ಭಾಷೆ ಒಂದೇ ಆಗಿತ್ತು: ಮುಖ, ಬೆಳಕು, ನಡೆ, ಬರಹದ ಫಲಕ. ಮೈಕು ಬಂದ ದಿನ ದಾರಿಗಳು ಕವಲೊಡೆದವು. ಸಾಮಾನ್ಯ ಹವ್ಯಾಸಿಯ ಕ್ಯಾಮೆರಾಕ್ಕೆ ಧ್ವನಿ ಸುಲಭವಾಗಿ ಬಂದದ್ದು 1973ರಲ್ಲಿ, ಸೂಪರ್ 8 ಧ್ವನಿ ಫಿಲ್ಮಿನೊಂದಿಗೆ. ಎಂದರೆ ಜಗತ್ತಿಗೆ ಮುಗಿದ ಮೂಕಿಯ ಯುಗ ಮನೆಗಳಲ್ಲಿ ಇನ್ನೂ ನಾಲ್ಕೂವರೆ ದಶಕ ನಡೆಯಿತು. ಆದರೆ ಮನೆಯ ಪ್ರದರ್ಶನ ಎಂದೂ ಮೌನವಾಗಿರಲಿಲ್ಲ. ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಮುಂದೆ ಕುಳಿತವರು ಬಾಯಿ ಮುಚ್ಚಿರುತ್ತಿರಲಿಲ್ಲ: ನೋಡು ಅದು ಚಿಕ್ಕಪ್ಪ, ಅದು ಮಾರಿದ ಹಸು, ಆ ಸೀರೆ ಈಗ ಯಾರ ಹತ್ತಿರ ಇದೆ? ಧ್ವನಿ ಇದ್ದದ್ದು ಫಿಲ್ಮಿನಲ್ಲಿ ಅಲ್ಲ, ನೋಡುವವರಲ್ಲಿ. ಅವರು ಹೋದ ದಿನ ಫಿಲ್ಮ್ ನಿಜವಾಗಿ ಮೂಕಾಗುತ್ತದೆ.

ಇಲ್ಲಿಗೆ ಮಾತು ನಿಲ್ಲಿಸಿದಾಗ ಹಿಂದಿನ ಸಾಲಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಎದ್ದು ಕೇಳಿದರು: "ನಮ್ಮ ಮಾವನವರು ತೆಗೆದ ಸುರುಳಿಗಳು ಟ್ರಂಕಿನಲ್ಲಿವೆ. ಡಬ್ಬಿ ತೆರೆದರೆ ಹುಳಿ ವಾಸನೆ ಬರುತ್ತದೆ. ಎಸೆದುಬಿಡಬೇಕೆ?"

ಎಸೆಯಬೇಡಿ ಅಮ್ಮ ಎಂದೆ. ಆ ಹುಳಿ ವಾಸನೆ ವಿನೆಗರಿನದು. ಉರಿಯದ ಅಸಿಟೇಟ್ ಫಿಲ್ಮ್ ಹಳೆಯದಾದಾಗ ಹೀಗೆ ಕೊಳೆಯಲು ಶುರುವಾಗುತ್ತದೆ, ಸುರುಟಿಕೊಳ್ಳುತ್ತದೆ. ಪಕ್ಕದ ಸುರುಳಿಗಳಿಗೂ ಹಬ್ಬುವುದರಿಂದ ವಾಸನೆ ಬರುವುದನ್ನು ಬೇರೆ ಇಡಿ. ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ತಂಪಾದ, ತೇವವಿಲ್ಲದ ಕಡೆ ಇಡಿ. ಯಾವ ಕಾರಣಕ್ಕೂ ಹಳೆಯ ಪ್ರೊಜೆಕ್ಟರಿಗೆ ಹಾಕಿ ಓಡಿಸಬೇಡಿ, ಇರುವ ಒಂದೇ ಪ್ರತಿ ಹರಿದುಹೋಗುತ್ತದೆ. ಕೊಡಕ್ ಫಿಲ್ಮಾದರೆ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಸಣ್ಣ ಗುರುತುಗಳಿರುತ್ತವೆ. ತಯಾರಾದ ವರ್ಷ ಅದರಲ್ಲಿದೆ, ಇಪ್ಪತ್ತು ವರ್ಷಕ್ಕೊಮ್ಮೆ ಅದೇ ಗುರುತು ಮರಳುತ್ತದೆ. ಮೊಬೈಲಿನ ಬಿಳಿ ಪರದೆಯ ಮೇಲೆ ಫಿಲ್ಮಿನ ತುದಿಯನ್ನು ಇಟ್ಟು, ಇನ್ನೊಂದು ಮೊಬೈಲಿನಿಂದ ಚೌಕಟ್ಟುಗಳ ಫೋಟೊ ತೆಗೆಯಿರಿ. ಆಮೇಲೆ ಅದನ್ನು ಡಿಜಿಟಲ್ ಮಾಡಿಕೊಡಬಲ್ಲ ಪ್ರಯೋಗಾಲಯವನ್ನು ಹುಡುಕೋಣ.

"ಅದರಲ್ಲಿರುವವರು ಯಾರೆಂದು ನನಗೆ ಗೊತ್ತಿಲ್ಲ" ಎಂದರು ಅವರು. "ಗೊತ್ತಿರುವುದು ನಮ್ಮ ಅತ್ತೆಯವರಿಗೆ. ಅವರಿಗೆ ಈಗ ತೊಂಬತ್ತೊಂದು."

ಹಾಗಾದರೆ ಪ್ರಯೋಗಾಲಯ ಆಮೇಲೆ, ಮೊದಲು ಆ ಫೋಟೊಗಳನ್ನು ಅತ್ತೆಯವರಿಗೆ ತೋರಿಸಿ, ಅವರು ಹೇಳುವ ಹೆಸರುಗಳನ್ನು ಬರೆದುಕೊಳ್ಳಿ ಎಂದೆ. ಇವತ್ತು ಸಂಜೆಯೇ ಕೂರುತ್ತೇನೆ ಎಂದು ಅವರು ಹೇಳಿದರು.